ಗುರುಬಸವ್ವ ಹಿಡಿದು ನಿಂತ ಕಾಯಿ

ಬಹಳ ಬಹಳ ಹಿಂದೆ, ಕಾರುಗಳು ಇನ್ನೂ ಪೆಟ್ರೋಲು ಕುಡಿದು ಹೊಗೆ ಬಿಡುತ್ತಿದ್ದ ಕಾಲದಲ್ಲಿ, ಎರೆಭೂಮಿಯ ಒಂದೂರಿನಲ್ಲಿ ಗುರುಬಸವ್ವ ಅಂತ ಒಬ್ಬ ಹೆಂಗಸಿದ್ದಳಂತೆ. ಆಳೆತ್ತರದ ಬೇಲಿ ಹಾರಿದಳು ಅಂತಾರೆ. ಓಡುವ ಕಾರುಗಳನ್ನು ಬರಿಗೈಯಲ್ಲಿ ತಡೆದಳು ಅಂತಾರೆ. ಹೇಳುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡಿ.

ಅವಳ ಗಂಡ ಫಕೀರಪ್ಪನಿಗೆ ಕಾರಿನ ಹುಚ್ಚು. ಮನೆಯಲ್ಲಿದ್ದ ಹಳೇ ಕಾರು ಸಂತೆಗೂ ಅದೇ, ಮದುವೆಗೂ ಅದೇ. ಅದರ ಹಿಂದಿನ ಸೀಟು ಕಿತ್ತ, ಅಗಲದ ಟೈರು ಹಾಕಿದ, ಸೈಲೆನ್ಸರ್ ಬದಲಿಸಿದ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿಸಿದ. ಸ್ಟಾರ್ಟ್ ಮಾಡಿದರೆ ಓಣಿಯ ನಾಯಿಗಳೆಲ್ಲ ದಿಕ್ಕಾಪಾಲಾಗಿ ಓಡುತ್ತಿದ್ದವಂತೆ. ಗುರುಬಸವ್ವ ಪಾಪ, ಜೋಳದ ಚೀಲ ತೊಡೆಯ ಮೇಲಿಟ್ಟುಕೊಂಡು ಸಂತೆಯಿಂದ ಬರುತ್ತಿದ್ದಳು. ಇಷ್ಟೆಲ್ಲ ಯಾತಕ್ಕೆ ಅಂದರೆ, ಊರಾಚೆ ವಿಮಾನ ಇಳಿಯುವುದು ನಿಂತುಹೋದ ಬಯಲೊಂದಿತ್ತು. ಅಲ್ಲಿ ಡ್ರಮ್ಮು, ಟೈರು ಇಟ್ಟು ತಿರುವು ಮಾಡಿ ‘ಟ್ರ್ಯಾಕ್ ಡೇ’ ಅಂತ ನಡೆಸುತ್ತಿದ್ದರು. ಬಹುಮಾನವಿಲ್ಲ, ಪಂದ್ಯವಿಲ್ಲ. ದಿನಾ ಓಡಿಸುವ ಕಾರನ್ನೇ ತಂದು ಆಸೆ ತೀರುವ ತನಕ ಓಡಿಸಬಹುದು.

ಗಂಡ ಅಲ್ಲಿ ಓಡಿಸುವ ದಿನ ಹತ್ತಿರ ಬಂದಂತೆ ಗುರುಬಸವ್ವನಿಗೆ ಹೆದರಿಕೆ ಹತ್ತಿತು. ಬೇಡ ಅಂದರೆ ಗಂಡ ನಕ್ಕುಬಿಡುತ್ತಿದ್ದ. ಗುಡಿಗೆ ಹೋಗಿ ತೆಂಗಿನಕಾಯಿಯೊಂದನ್ನು ಮಂತ್ರಿಸಿಕೊಂಡು ಬಂದಳು. ಕೆಂಪು ಕುಪ್ಪಸದ ಖಣದಲ್ಲಿ ಸುತ್ತಿ, ಗಂಡನಿಗೆ ತಿಳಿಯದ ಹಾಗೆ ಅವನ ಸೀಟಿನ ಅಡಿಯ ಸ್ಪ್ರಿಂಗಿನ ಸಂದಿಗೆ ತುರುಕಿದಳು. ಅಂದು ರಾತ್ರಿ ಅವಳಿಗೆ ನಿದ್ದೆ ಬಂತಂತೆ.

ಮರುದಿನ ಗಂಡ ಹೆಂಡತಿ ಬಯಲಿಗೆ ಹೋದಾಗ ಬಾಗಿಲಲ್ಲಿ ತಪಾಸಣೆಯವನೊಬ್ಬ ನಿಂತಿದ್ದ. ಕಾರಿನಿಂದ ಕಾಲೊರಸು ತೆಗೆಸಿದ, ಜಾಕ್ ತೆಗೆಸಿದ, ನೀರಿನ ಬಾಟಲಿ ತೆಗೆಸಿದ. ಸಡಿಲವಾದದ್ದು ಏನೇ ಇದ್ದರೂ ಉರುಳಿಕೊಂಡು ಬ್ರೇಕಿನ ಅಡಿಗೆ ಹೋಗುತ್ತದೆ, ಆಮೇಲೆ ದೇವರೇ ಗತಿ ಅಂದ. ಇನ್ನೇನಾದರೂ ಇದೆಯೇ ಅಂತ ಕೇಳಿದ.

“ನನ್ನ ಗಾಡ್ಯಾಗ ಕಡ್ಡೀನೂ ಇಲ್ರಿ,” ಅಂದ ಫಕೀರಪ್ಪ, ಎದೆಯುಬ್ಬಿಸಿ.

ಗುರುಬಸವ್ವ ಸೀಟಿನ ಕಡೆ ನೋಡಿದಳು. ಹೇಳಿದರೆ ಇಷ್ಟು ಗಂಡಸರ ನಡುವೆ ಗಂಡನ ಮಾನ ಹೋಗುತ್ತದೆ. ದೇವರ ಕಾಯಿ ಇಳಿಸಿದರೆ ಕೇಡು, ಇಳಿಸದಿದ್ದರೂ ಕೇಡು. ಅವಳು ಹೀಗೆ ಒದ್ದಾಡುತ್ತಿರುವಾಗಲೇ ಫಕೀರಪ್ಪ ಹೆಲ್ಮೆಟ್ ಹಾಕಿಕೊಂಡು ಹೊರಟೇಬಿಟ್ಟ.

ಅವಳು ಬೇಲಿಗೆ ಅಂಟಿ ನಿಂತಳು. ಕಾರಿನ ಹಿಂದಿನ ಕೆಂಪು ದೀಪ ಬಿಟ್ಟು ಬೇರೇನೂ ಅವಳಿಗೆ ಕಾಣಲಿಲ್ಲ. ತಿರುವು ಬಂತು, ದೀಪ ಹತ್ತಿತು. ಅಂದರೆ ಬ್ರೇಕ್ ಇದೆ. ಅವಳು ಉಸಿರು ಬಿಟ್ಟಳು. ಇನ್ನೊಂದು ತಿರುವು, ದೀಪ ಹತ್ತಿತು. ಮತ್ತೆ ಉಸಿರು ಬಿಟ್ಟಳು. ಒಂದು ಸುತ್ತು ಮುಗಿಸಿ ಕಾರು ಮೊದಲ ತಿರುವಿಗೇ ಬಂತು.

ದೀಪ ಹತ್ತಲಿಲ್ಲ.

ಟೈರು ಕಿರುಚಿದವು, ಕಾರು ಡ್ರಮ್ಮುಗಳ ಅಂಚು ಸವರಿಕೊಂಡು ಹೋಯಿತು. ಬೆನ್ನಿಗೇ ಬರುತ್ತಿದ್ದ ಕಾರುಗಳಿಗೆ ಅವನ ದೀಪವೇ ಗುರುತು. ಅದು ಹತ್ತದಿದ್ದರೆ ಅವನು ಗೇರು ಇಳಿಸಿ ನಿಧಾನ ಮಾಡಿದ್ದು ಅವರಿಗೆ ತಿಳಿಯುವುದು ಹೇಗೆ?

ಬೇಲಿ ಹಾರಿದಳು ಅಂತಾರಲ್ಲ, ಅದು ಈ ಹೊತ್ತಿಗೆ. ಹಾರಲಿಲ್ಲ ಕಣ್ರಪ್ಪಾ, ಸೀರೆ ಹರಿದುಕೊಂಡು ತಂತಿಯ ನಡುವೆ ನುಸುಳಿದಳು. ಕಾರುಗಳಿಗೆ ಸನ್ನೆ ಮಾಡಲು ಬಾವುಟ ಹಿಡಿದು ನಿಂತಿದ್ದವನ ರಟ್ಟೆ ಹಿಡಿದು, ಇಡೀ ಬಯಲಿಗೆ ಕೇಳುವ ಹಾಗೆ ಕೂಗಿದಳು: “ಅಣ್ಣಾ, ಎಲ್ಲಾರನ್ನೂ ನಿಲ್ಸ್ರೀ! ಸೀಟಿನ ಕೆಳಗ ನಾನ ಕಾಯಿ ಇಟ್ಟೀನಿ, ಬ್ರೇಕಿಗೆ ಸಿಕ್ಕೇತಿ!”

ಯಾರೋ ಗೊಳ್ಳೆಂದು ನಕ್ಕರು. ಬಾವುಟದವನು ನಗಲಿಲ್ಲ, ಕೆಂಪು ಬಾವುಟ ಬೀಸಿದ. ಹಿಂದಿನ ಕಾರುಗಳೆಲ್ಲ ನಿಂತವು. ಫಕೀರಪ್ಪನ ಕಾರು ಮಾತ್ರ ಗೇರಿನಲ್ಲೇ ನರಳುತ್ತ ನಿಧಾನವಾಗಿ, ಬಯಲಿನ ಅಂಚಿಗಿದ್ದ ಉತ್ತ ಹೊಲಕ್ಕೆ ನುಗ್ಗಿ ಧೂಳಿನಲ್ಲಿ ಮುಚ್ಚಿಹೋಯಿತು. ಆ ಧೂಳು ಇಳಿಯುವಷ್ಟರಲ್ಲಿ ಅವಳು ಎಷ್ಟು ಸಲ ಸತ್ತಳೋ ಅವಳಿಗೇ ಗೊತ್ತು.

ಫಕೀರಪ್ಪ ಇನ್ನೂ ಸ್ಟೀರಿಂಗ್ ಹಿಡಿದೇ ಕೂತಿದ್ದ. ಓಡಿಬಂದ ಹೆಂಡತಿ ತಪ್ಪಾಯಿತು ಅಂತ ಅತ್ತಳು. ಅವನು ಬೈಯುತ್ತಾನೆ ಅಂತ ಜನ ಕಾದರು. ಅವನು ಬಗ್ಗಿ, ಬ್ರೇಕಿನ ಅಡಿಯಿಂದ ಕಾಯಿ ಎಳೆದು ಅವಳ ಉಡಿಯಲ್ಲಿ ಹಾಕಿದ.

“ಇದು ಕಾಯೂದಾದ್ರ ನಿನ್ನ ಕೈಯಾಗಿದ್ರೂ ಕಾಯ್ತೈತಿ,” ಅಂದ. “ಹಿಡ್ಕೊಂಡು ನಿಂದರು. ಇನ್ನೊಂದು ಸುತ್ತು ಹೊಡದು ಬರ್ತೀನಿ.”

ಅವಳು ಮತ್ತೆ ಬೇಲಿಯ ಬಳಿಗೆ ಹೋದಳು. ಕಾಯಿಯನ್ನು ಎದೆಗೆ ಅವುಚಿ ನಿಂತಳು. ಅವನು ತಿರುಗಿ ಬಂದು ಕಾರಿನಿಂದ ಇಳಿದ ಮೇಲೂ ಅವಳ ಬೆರಳು ಬಿಡಿಸಲು ಇಬ್ಬರು ಬೇಕಾದರು ಅಂತಾರೆ.

ಈಗಲೂ ಆ ಬಯಲಿನಲ್ಲಿ ತಪಾಸಣೆಯವರು ಓಡಿಸುವವನನ್ನು ಕೊನೆಗೆ ಕೇಳುತ್ತಾರೆ. ಮೊದಲು ಅವನ ಜೊತೆ ಬಂದವರ ಕಡೆ ತಿರುಗಿ, “ಏನರ ಇಟ್ಟೀರೇನ್ರೀ?” ಅನ್ನುತ್ತಾರೆ. ಯಾರೂ ನಗುವುದಿಲ್ಲ. ತಾಯಂದಿರು, ಹೆಂಡತಿಯರು, ಕೆಲವು ಸಲ ಮೀಸೆ ಹೊತ್ತ ಅಪ್ಪಂದಿರು ಕೂಡ ಬಗ್ಗಿ, ಸೀಟಿನ ಸಂದಿಯಿಂದ ನಿಂಬೆಹಣ್ಣೋ, ತಾಯತವೋ, ಗುಡಿಯ ಅಂಗಾರದ ಪೊಟ್ಟಣವೋ ತೆಗೆಯುತ್ತಾರೆ. ತೆಗೆದದ್ದನ್ನು ಮುಷ್ಟಿಯಲ್ಲಿ ಹಿಡಿದು ಬೇಲಿಯ ಉದ್ದಕ್ಕೂ ಸಾಲಾಗಿ ನಿಲ್ಲುತ್ತಾರೆ. ತಮ್ಮವರ ಕಾರು ನಿಂತು ಬಾಗಿಲು ತೆರೆಯುವ ತನಕ ಒಬ್ಬರೂ ಕೈ ಬಿಚ್ಚುವುದಿಲ್ಲ.