ಅರ್ಧ ಮುಗಿದ ಸೇತುವೆ

ಎರಡನೇ ಸಲ ಓಟು ಕೇಳಲು ಹೊರಟ ಶಾಸಕ ಮರಿಬಸನಗೌಡರು ಹರಿಗೋಲು ಹತ್ತಿದರು. ಹೋದ ಚುನಾವಣೆಯಲ್ಲಿ ಇದೇ ಹೊಳೆಗೆ ಸೇತುವೆ ಕಟ್ಟಿಸುವ ಮಾತು ಕೊಟ್ಟಿದ್ದರು. ಒಂದು ಕಲ್ಲೂ ಬಿದ್ದಿರಲಿಲ್ಲ.

ಹರಿಗೋಲಿನ ಹುಲಿಗೆಪ್ಪನನ್ನು ಗದರಿದರು: "ಸೇತುವೆ ಅರ್ಧ ಮುಗಿದೈತಿ ಅಂತ ಆಚೆ ಊರಾಗ ಹೇಳತೀನಿ. ನೀ ಹೌದನ್ನಬೇಕು. ಇಲ್ಲಾಂದ್ರ ನಿನ್ನ ಹರಿಗೋಲು ಬಂದ್!"

"ಆಗಲ್ರಿ ಸಾಹೇಬ್ರ. ಮುಗಿದದ್ದು ಯಾವ ಅರ್ಧ? ಈ ದಡದ್ದೋ, ಆ ದಡದ್ದೋ?"

ಗೌಡರು ತಬ್ಬಿಬ್ಬಾದರು. ಈ ದಡ ಕಣ್ಣೆದುರೇ ಬರಿದಾಗಿತ್ತು. "ಆ ದಡದ್ದು," ಎಂದರು.

ನಡುಹೊಳೆಯಲ್ಲಿ ಹುಲಿಗೆಪ್ಪ ಹುಟ್ಟು ಎತ್ತಿಟ್ಟ. ಹರಿಗೋಲು ಗರಗರ ಸುತ್ತತೊಡಗಿತು.

"ಯಾಕೋ ನಿಲ್ಲಿಸಿದಿ?"

"ಇಲ್ಲಿಂದ ನಿಮ್ಮ ಸೇತುವೆ ಶುರು ಆತಲ್ರೀ. ಇಳೀರಿ."

ಗೌಡರು ನೀರು ನೋಡಿದರು. ಸುತ್ತುವ ಹರಿಗೋಲಿನಲ್ಲಿ ಆಚೆ ಯಾವುದು, ಈಚೆ ಯಾವುದು ತಿಳಿಯಲಿಲ್ಲ. "ತಪ್ಪಿ ಅಂದೆ, ಈ ದಡದ್ದು!"

"ಹಂಗಾದ್ರ ಹಿಂದಕ್ಕ ನಡಕೊಂಡು ಹೋಗ್ರಿ."

"ಸೇತುವೆನೇ ಇಲ್ಲೋ ನನ್ನಪ್ಪಾ! ದಡ ಮುಟ್ಟಸು!"

"ಇದನ್ನ ಊರ ಮುಂದ ಹೇಳ್ತೀರೇನ್ರಿ?"

"ಹೇಳದಿದ್ರ?"

"ಬ್ಯಾಡ ಬಿಡ್ರಿ. ವಾಪಸ್ ಬರೂವಾಗ ಸೇತುವೆ ಮ್ಯಾಲ ಬರ್ರಿ."

ಅಂದಿನ ಭಾಷಣವನ್ನು ಗೌಡರು "ಸೇತುವೆ ಕಟ್ಟಿಸಿಲ್ಲ" ಎಂದೇ ಶುರು ಮಾಡಿದರು. ಚಪ್ಪಾಳೆ ತಟ್ಟಬೇಕೋ, ಬೈಯಬೇಕೋ ತಿಳಿಯದೆ ಜನ ಮುಖ ಮುಖ ನೋಡಿಕೊಂಡರು.