ಆಮೆಚಿಪ್ಪಿನ ಚಿಟ್ಟೆ ಮತ್ತು ಸಣ್ಣೀರಮ್ಮನ ಮಗ

ಹೇಳಿದ ಮಾತು ಕೇಳದ ಮಕ್ಕಳು ಎಲ್ಲ ಊರಲ್ಲೂ ಇರುತ್ತಾರೆ. ನಮ್ಮ ಸಣ್ಣೀರಮ್ಮನ ಮಗ ಚೆಲುವ ಹೇಳಿದ್ದನ್ನು ಹೇಳಿದ ಹಾಗೇ ಕೇಳುತ್ತಿದ್ದ. ಅದೇ ಅವಳಿಗೆ ಬಂದ ಕಷ್ಟ. ಮೀಸೆ ಬಂದ ಆಳು, ಎತ್ತಿನಂಥ ಮೈ, ಮಗುವಿನಂಥ ಮನಸ್ಸು. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದ, ನಾಯಿ ಒಳಗೆ ಹೋಗಿ ಮುದ್ದೆ ತಿಂದರೂ ಏಳುತ್ತಿರಲಿಲ್ಲ. ನಾನು ಹೋದ ಮೇಲೆ ಇವನ ಗತಿ ಏನು ಅಂತ ಸಣ್ಣೀರಮ್ಮ ಒಲೆ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಅವಳು ಕೆಲಸಕ್ಕೆ ಹೋಗುತ್ತಿದ್ದದ್ದು ವಿಶಾಲಾಕ್ಷಿ ಟೀಚರ ಮನೆಗೆ. ಟೀಚರಿಗೆ ಚಿಟ್ಟೆ ಹುಚ್ಚು. ನೌಕರಿ ಮುಗಿದ ಮೇಲೆ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಹಿತ್ತಿಲು, ಹೊಲದ ಬದು, ಬೇಲಿ ಸುತ್ತಿ ಊರಿನ ಚಿಟ್ಟೆಗಳನ್ನೆಲ್ಲ ಫೋಟೋ ಹಿಡಿದಿದ್ದರು. ಸಿಗದೆ ಉಳಿದದ್ದು ಒಂದೇ, ಊರವರು ಆಮೆಚಿಪ್ಪಿನ ಚಿಟ್ಟೆ ಅನ್ನುವ ಕಿತ್ತಳೆ ರೆಕ್ಕೆಯದು. ಮಳೆ ಬಿಟ್ಟ ಮೇಲೆ ಬಂದು ನಾಲ್ಕು ದಿನ ಇದ್ದು ಹೋಗುವಂಥದ್ದು. ಅದು ಬರುವ ಹೊತ್ತಿಗೆ ಸರಿಯಾಗಿ ಟೀಚರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಕರೆದುಕೊಂಡು ಹೋಗಲು ತಂಗಿ ಬರುವವಳಿದ್ದಳು. ಹೋದರೆ ಮತ್ತೆ ಬರುವ ಮಾತಿಲ್ಲ.

ಟೀಚರು ಚೆಲುವನನ್ನು ಕರೆದು ಕ್ಯಾಮೆರಾ ಕೊಟ್ಟರು, ಯಾವ ಗುಂಡಿ ಒತ್ತಬೇಕು ಅಂತ ತೋರಿಸಿದರು. ಇವನ ಕೈಗೆ ಇಂಥದ್ದನ್ನು ಯಾರೂ ಕೊಟ್ಟವರಿಲ್ಲ. ಬೆನ್ನು ಆಮೆಚಿಪ್ಪಿನ ಹಾಗೆ ಇರುತ್ತಪ್ಪ, ನಾನು ಹೊರಡೋದರೊಳಗೆ ಒಂದು ಫೋಟೋ ತಂದುಕೊಡು ಅಂದರು.

ಚೆಲುವ ನೇರ ಕೆರೆಗೆ ಹೋದ. ಕೆಸರಲ್ಲಿ ಹೊಟ್ಟೆಯ ಮೇಲೆ ಮಲಗಿ, ಸಂಜೆವರೆಗೂ ಕಾದು, ಒಂದು ಆಮೆಯನ್ನು ಹಿಂದಿನಿಂದ, ಮುಂದಿನಿಂದ, ತಲೆ ಒಳಗೆಳೆದುಕೊಂಡಾಗ, ಹೊರಹಾಕಿದಾಗ ಎಲ್ಲ ಫೋಟೋ ಹಿಡಿದು ತಂದ. ಟೀಚರು ನಕ್ಕರು. ಸಣ್ಣೀರಮ್ಮನಿಗೆ ನಾಚಿಕೆಯಾಯಿತು. ಮನೆಗೆ ಬಂದು ಬೈದಳು. ಆಮೆ ಅಲ್ಲ ಕಣೋ ಪೆದ್ದ, ಚಿಟ್ಟೆ ಹೂವಿನ ಹತ್ತಿರ ಇರುತ್ತೆ, ಹೂವು ಕಂಡ ಕಡೆ ಹೋಗಿ ನೋಡು ಅಂದಳು.

ಆಗಲಿ ಅಂತ ಚೆಲುವ ಮಾರನೆಯ ದಿನ ಹೂವು ಹುಡುಕಿಕೊಂಡು ಹೊರಟ. ಅವತ್ತು ಊರಲ್ಲಿ ಹೆಚ್ಚು ಹೂವು ಇದ್ದದ್ದು ಪಟೇಲರ ಮನೆ ಅಜ್ಜನ ಚಟ್ಟದ ಮೇಲೆ. ಹೆಣದ ಎದೆ ಮೇಲಿನ ಚೆಂಡುಹೂವಿನೊಳಗೆ ಮೂತಿ ಇಟ್ಟು ಹುಡುಕಿದ. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು, ಗಂಡಸರು ರಟ್ಟೆ ಹಿಡಿದು ಆಚೆಗೆ ದಬ್ಬಿದರು. ಸಣ್ಣೀರಮ್ಮ ಪಟೇಲರ ಮನೆಯವರ ಕಾಲಿಗೆ ಬಿದ್ದು ಬಂದಳು. ಬಂದು ಮತ್ತೆ ಬೈದಳು. ಬೇಲಿ ಮೇಲಿನ ಹೂವು ಕಣೋ, ಆ ಲಂಟಾನ ಪೊದೆ ಮುಂದೆ ಕೂತ್ಕೋ, ಒಂದು ಚೂರೂ ಅಲ್ಲಾಡಬೇಡ, ಅದಾಗೇ ಬರುತ್ತೆ ಅಂದಳು.

ಚೆಲುವ ಹೋಗಿ ಲಂಟಾನ ಪೊದೆ ಮುಂದೆ ಕೂತ. ಇರುವೆ ಕಾಲು ಹತ್ತಿದರೂ ಅಲ್ಲಾಡಲಿಲ್ಲ. ಬಿಸಿಲೇರಿದಾಗ ಆಮೆಚಿಪ್ಪಿನ ಚಿಟ್ಟೆ ಬಂತು. ಹೂವಿನ ಮೇಲೆ ಕೂತಿತು, ಆಮೇಲೆ ಅವನ ಮೊಣಕಾಲ ಮೇಲೇ ಬಂದು ರೆಕ್ಕೆ ಬಿಚ್ಚಿ ಕೂತಿತು. ಬೇಕಾದಷ್ಟು ಹೊತ್ತು ಕೂತು ಹಾರಿಹೋಯಿತು. ಕ್ಯಾಮೆರಾ ಇವನ ಕೈಯಲ್ಲೇ ಇತ್ತು.

"ಯಾಕೋ ಫೋಟೋ ತೆಗೀಲಿಲ್ಲ?" ಅಂತ ಕೇಳಿದಳು ಸಣ್ಣೀರಮ್ಮ.

"ಅಲ್ಲಾಡಬೇಡ ಅಂದಿದ್ದೆಯಲ್ಲವ್ವ. ಬೆರಳೂ ಅಲ್ಲಾಡಿಸಲಿಲ್ಲ."

ಅವತ್ತೇ ಅವಳು ತಣ್ಣಗೆ ಕೂತು ಬಿಡಿಸಿ ಹೇಳಬೇಕಿತ್ತು. ಟೀಚರ ತಂಗಿ ನಾಳಿದ್ದು ಬರುವವಳು, ಕೈತುಂಬ ಕೆಲಸ, ತಲೆ ಕೆಟ್ಟಿತ್ತು. ಕಂಡ ತಕ್ಷಣ ಒತ್ತಬೇಕು ಕಣೋ, ಹಿಂದೆಮುಂದೆ ನೋಡದೆ ಒತ್ತಿಬಿಡು ಅಂತ ಕೂಗಿ ಹಿತ್ತಿಲಿಗೆ ಹೋದಳು. ಏನನ್ನು ಒತ್ತಬೇಕು ಅಂತ ಹೇಳಲಿಲ್ಲ.

ಮರುದಿನ ಚೆಲುವ ಓಡೋಡಿ ಬಂದ. ಮುಖದ ತುಂಬ ಸಂತೋಷ. ಕಂಡ ತಕ್ಷಣ ಒತ್ತಿದೆ ಕಣವ್ವ ಅಂತ ಹೆಬ್ಬೆರಳು ಮುಂದೆ ಚಾಚಿದ. ಹೆಬ್ಬೆರಳಿಗೆ ಕಿತ್ತಳೆ ಪುಡಿ ಮೆತ್ತಿತ್ತು. ಅಂಗೈಯಲ್ಲಿ ಒಂದು ಮುರಿದ ರೆಕ್ಕೆ.

ಸಣ್ಣೀರಮ್ಮ ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಬಾಯಿ ಮಾತ್ರ ನಿಲ್ಲಲಿಲ್ಲ.

"ಬೆಳಿಗ್ಗೆ ಆ ಕ್ಯಾಮೆರಾ ಅವರಿಗೆ ಕೊಟ್ಟು ಬಾ. ಇನ್ನು ಟೀಚರಿಗೆ ನಿನ್ನ ಮುಖ ತೋರಿಸಬೇಡ."

ಚೆಲುವ ರೆಕ್ಕೆಯನ್ನು ತುಳಸಿ ಬುಡದಲ್ಲಿಟ್ಟು ಮಣ್ಣು ಮುಚ್ಚಿದ. ಅವತ್ತು ಊಟ ಮಾಡಲಿಲ್ಲ. ತಾನು ಏನೋ ಕೆಟ್ಟದ್ದು ಮಾಡಿದ್ದೇನೆ ಅನ್ನುವುದು ಅವನಿಗೂ ಗೊತ್ತಾಗಿತ್ತು, ಏನು ಅನ್ನುವುದು ಮಾತ್ರ ಗೊತ್ತಾಗಿರಲಿಲ್ಲ.

ಬೆಳಿಗ್ಗೆ ಟೀಚರ ಮುಂದೆ ನಿಲ್ಲಲು ಸಣ್ಣೀರಮ್ಮನಿಗೂ ಮುಖವಿರಲಿಲ್ಲ. ಸೌದೆಯ ನೆಪ ಹೇಳಿ ಹೊಲದ ಕಡೆ ಹೋದಳು. ಪಕ್ಕದ ಮನೆಯ ಕೆಂಪಾಜಮ್ಮ ಅಲ್ಲಿಗೇ ಹುಡುಕಿಕೊಂಡು ಬಂದಳು. ಟೀಚರ ಕಾರು ಹೊರಡುತ್ತಾ ಇದೆ, ನಿನ್ನ ಮಗ ತಲೆ ಮೇಲೆ ಮಂಕರಿ ಬುಟ್ಟಿ ಕವುಚಿಕೊಂಡು ಗೇಟಿನ ಮುಂದೆ ನಿಂತವನೆ ಅಂದಳು. ಸಣ್ಣೀರಮ್ಮ ಸೌದೆ ಬಿಸಾಡಿ ಓಡಿದಳು. ಅವಳು ಗೇಟು ಮುಟ್ಟುವ ಹೊತ್ತಿಗೆ ದಾರಿಯಲ್ಲಿ ದೂಳು ಮಾತ್ರ ಇತ್ತು. ಎದೆ ಮಟ್ಟಕ್ಕೆ ಸಗಣಿ ಮಂಕರಿ ಮುಚ್ಚಿಕೊಂಡ ಚೆಲುವ ಕಾರು ಹೋದ ದಿಕ್ಕಿಗೆ ಬೆನ್ನು ಹಾಕಿ ಕೈ ಬೀಸುತ್ತಿದ್ದ.

ಅವಳು ಮಂಕರಿ ತೆಗೆದಳು. ತಲೆ ತುಂಬ ಒಣಸಗಣಿ, ಕೆನ್ನೆ ಒದ್ದೆ. ಟೀಚರು ಬೈದರೇನಪ್ಪ ಅಂತ ಕೇಳಿದಳು.

ಇಲ್ಲ ಅಂದ. ನನ್ನ ಹೆಬ್ಬೆರಳು ನೋಡಿ ಕೈ ಹಿಡಿದುಕೊಂಡರು, ಚಿಟ್ಟೆ ಹೋದರೆ ಹೋಗಲಿ, ನೀನು ಅಷ್ಟು ದಿನ ಕಾದೆಯಲ್ಲ ಅಂದರು. ಕಾರಿನೊಳಗೆ ಕೂತೇ ಕ್ಯಾಮೆರಾ ಎತ್ತಿಕೊಂಡರು. ನಿನ್ನನ್ನೇ ಒಂದು ಫೋಟೋ ತೆಗೆದುಕೊಂಡು ಹೋಗುತ್ತೀನಿ, ಮಂಕರಿ ತೆಗಿ ಮಗ ಅಂತ ಎಷ್ಟೋ ಸಲ ಕೇಳಿದರು. ಅವ್ವ ಬೇಡ ಅಂದವಳೆ ಅಂದೆ. ಹಾಗಾದರೆ ಹಾಗೇ ನಿಂತುಕೊಂಡು ಸ್ವಲ್ಪ ನಗು ಅಂದರು.

ಸಣ್ಣೀರಮ್ಮ ಸೆರಗಿನಿಂದ ಅವನ ಮುಖ ಒರೆಸುತ್ತ ನಿಂತಳು.

"ಚೆನ್ನಾಗಿ ನಕ್ಕೆ ಕಣವ್ವ," ಅಂದ ಚೆಲುವ, "ಮಂಕರಿಯೊಳಗೆ."