ಅಕ್ಕಡಿ ಸಾಲಿನ ಅಪ್ಪಣೆ

“ಗುರುಗಳೇ, ನಾಳೆ ನಾನು ಸೈನ್ಯ ಸೇರಲು ಹೊರಡುತ್ತಿದ್ದೇನೆ. ಅಲ್ಲಿ ಶತ್ರು ಯಾರೆಂದು ಗುರುತಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರು ಅವನ ಹೊಸ ನಡುಪಟ್ಟಿಯನ್ನು ನೋಡಿದರು. “ಅದನ್ನು ಹೇಳಿಕೊಡಲು ಅಲ್ಲಿ ದಳಪತಿ ಇರುತ್ತಾನಲ್ಲ” ಎಂದರು.

“ಅವನು ತಪ್ಪು ಹೇಳಿದರೆ?”

“ದಳಪತಿಗಳು ತಪ್ಪು ಹೇಳುವುದಿಲ್ಲ. ಒಂದು ಕತೆ ಕೇಳು.”

ಒಬ್ಬ ರಾಜ ಪಕ್ಕದ ರಾಜನ ಗಡಿಯಲ್ಲಿದ್ದ ಒಂದು ಹಳ್ಳಿಯನ್ನು ಗೆದ್ದ. ಗೆದ್ದ ಎಂದರೆ, ಅವನ ಇಪ್ಪತ್ತು ಸೈನಿಕರು ಹೋಗಿ ಆ ಊರಿನ ಚಾವಡಿಯಲ್ಲಿ ಮಲಗಿದರು. ಯಾರೂ ಬೇಡವೆನ್ನಲಿಲ್ಲ. ಚಾವಡಿ ಇದ್ದದ್ದೇ ಹೊರಗಿನಿಂದ ಬಂದವರು ಮಲಗಲೆಂದು.

ಹೊರಡುವ ಮೊದಲೇ ದಳಪತಿ ಎಚ್ಚರಿಕೆ ಹೇಳಿದ್ದ. ಆ ಜನ ಕಪಟಿಗಳು. ನಗುನಗುತ್ತಾ ವಿಷ ಇಕ್ಕುವವರು. ಅವರ ಮುದುಕಿಯರನ್ನೂ ನಂಬಬಾರದು. ಆ ಇಪ್ಪತ್ತು ಜನರಲ್ಲಿ ಒಬ್ಬ ಸೈನಿಕನಿದ್ದ, ಯಾರು ಏನು ಹೇಳಿದರೂ ನಂಬುವ ಸ್ವಭಾವದವನು. ಅವನು ಮೊದಲ ತಿಂಗಳೆಲ್ಲ ಕಪಟವನ್ನು ಶ್ರದ್ಧೆಯಿಂದ ಹುಡುಕಿದ. ಕೊನೆಗೆ ಒಂದು ಸಿಕ್ಕಿತು. ಒಬ್ಬ ರೈತ ಮುದುಕಿ ಸೈನಿಕರಿಗೆ ಕೊಡುವ ಮಜ್ಜಿಗೆಗೆ ನೀರು ಹೆಚ್ಚು ಬೆರೆಸುತ್ತಿದ್ದಳು. ಅವನು ಗದರಿಸಿದ. ಅವಳು ಒಳಗೆ ಹೋಗಿ ತನ್ನ ಮೊಮ್ಮಕ್ಕಳು ಕುಡಿಯುತ್ತಿದ್ದ ಮಜ್ಜಿಗೆಯನ್ನು ತಂದು ತೋರಿಸಿದಳು. ಅದರಲ್ಲಿ ನೀರು ಇನ್ನೂ ಹೆಚ್ಚಿತ್ತು.

ಮಳೆ ಬಿತ್ತು. ರಾಗಿ ಬಿತ್ತನೆ ಶುರುವಾಯಿತು. ರಾಗಿಯ ಸಾಲುಗಳ ನಡುವೆ ಅವರೆಯ ಒಂದು ಸಾಲು ಬಿಡುವುದುಂಟು. ಅದನ್ನು ಅಕ್ಕಡಿ ಸಾಲು ಎನ್ನುತ್ತಾರೆ. ಇದು ಬೇರೆ ಊರುಗಳಲ್ಲೂ ಇದೆ. ಆದರೆ ಆ ಊರಿನಲ್ಲಿ ಅಕ್ಕಡಿ ಸಾಲನ್ನು ಮನೆಯವರು ಬಿತ್ತುವಂತಿಲ್ಲ. ಬಿತ್ತನೆಯ ದಿನ ಆ ದಾರಿಯಲ್ಲಿ ಬಂದ ಹೊರಗಿನವನು ಬಿತ್ತಬೇಕು. ಬಳೆಗಾರನಾದರೂ ಸರಿ, ಭಿಕ್ಷುಕನಾದರೂ ಸರಿ. ಹಾಗೆ ಬಿತ್ತಿದವನಿಗೆ ಒಂದು ಹಕ್ಕು ಸಿಗುತ್ತಿತ್ತು. ಕೊಯ್ಲಿನ ಹೊತ್ತಿಗೆ ಅವನು ಊರಿನಲ್ಲಿದ್ದರೆ, ಅವನ ಅಪ್ಪಣೆ ಕೇಳದೆ ಆ ಹೊಲಕ್ಕೆ ಯಾರೂ ಕುಡುಗೋಲು ಹಾಕುತ್ತಿರಲಿಲ್ಲ.

ಮುದುಕಿ ಹೊಲದಿಂದಲೇ ಸೈನಿಕನನ್ನು ಕೂಗಿದಳು.

“ಲೇ ಈಟಿಯವನೇ, ಬಾ ಇಲ್ಲಿ. ನಿಂತು ನಿಂತು ನಿನ್ನ ಕಾಲಿಗೆ ಬೇರು ಬಂದೀತು. ಈ ಬೀಜ ಹಿಡಿ.”

“ನಾನು ನಿಮ್ಮ ಊರು ಗೆದ್ದವನು, ಅಜ್ಜಿ.”

“ಗೆದ್ದವನು ಹಾಕಿದರೆ ಅವರೆ ಮೊಳೆಯುವುದಿಲ್ಲವೇ? ಬಗ್ಗು. ಗೇಣಿಗೊಂದು ಕಾಳು ಹಾಕು. ಅಯ್ಯೋ, ಹಾಗಲ್ಲ! ಕೋಳಿಗೆ ಎರಚಿದ ಹಾಗೆ ಎರಚುತ್ತೀಯಲ್ಲೋ. ನಿಮ್ಮವ್ವ ನಿನಗೆ ಇಷ್ಟೂ ಕಲಿಸಲಿಲ್ಲವೇ?”

ನಾಲ್ಕು ಮಾರು ದೂರ ಹೋಗುವಷ್ಟರಲ್ಲಿ ಅವನು ಕಲಿತ. ಉಳಿದ ಹೊಲಗಳವರೂ ಉಳಿದ ಸೈನಿಕರನ್ನು ಕರೆದರು. ಆ ವರ್ಷ ಗಡಿಯಲ್ಲಿ ಗಲಾಟೆ, ಬಳೆಗಾರರು ಬಂದಿರಲಿಲ್ಲ. ಹೊರಗಿನವರೆಂದರೆ ಇವರೇ. ಇಪ್ಪತ್ತು ಹೊಲಗಳಲ್ಲಿ ಇಪ್ಪತ್ತು ಜನ ಬಿತ್ತಿದರು.

ದಳಪತಿ ಇದನ್ನು ಚಾವಡಿಯಿಂದ ನೋಡಿದ. ಜನ ತಾವಾಗಿಯೇ ಹೊಲ ಬಿಟ್ಟುಕೊಡುತ್ತಿದ್ದಾರೆ ಎಂದುಕೊಂಡ. ಕೂಡಲೇ ರಾಜಧಾನಿಗೆ ಓಲೆ ಬರೆದ. “ಇಲ್ಲಿಯ ನೆಲವೂ ಬೆಳೆಯೂ ಪ್ರಭುಗಳದಾದವು. ಪ್ರಭುಗಳ ಸೈನಿಕರೇ ತಮ್ಮ ಕೈಯಿಂದ ಬಿತ್ತಿದ್ದಾರೆ.” ರಾಜಧಾನಿಯಿಂದ ದಳಪತಿಗೆ ಒಂದು ಶಾಲು ಬಂತು. ಸೈನಿಕರಿಗೆ ಸೊಂಟ ನೋವು ಬಂತು.

ಸೈನಿಕ ದಿನಾ ಬೆಳಿಗ್ಗೆ ತನ್ನ ಸಾಲನ್ನು ನೋಡಲು ಹೋಗುತ್ತಿದ್ದ. ಪಹರೆ ಎಂದು ಹೇಳಿಕೊಳ್ಳುತ್ತಿದ್ದ. ಒಂದು ದಿನ ಮುದುಕಿಯ ಜೊತೆ ಕಳೆ ಕೀಳಲು ಇಳಿದ. ಒಂದು ಹಿಡಿ ಕಿತ್ತು ಬದುವಿಗೆ ಎಸೆದ. ಅವನು ಕಿತ್ತದ್ದೆಲ್ಲ ರಾಗಿಯ ಪೈರು. ಆ ಹೊಲದ ಕಳೆ ಎಳೆಯದಾಗಿರುವಾಗ ರಾಗಿಯ ಹಾಗೆಯೇ ಇರುತ್ತಿತ್ತು.

“ಯಾರನ್ನು ಕೀಳಬೇಕು, ಯಾರನ್ನು ಬಿಡಬೇಕು ಅಂತ ಗೊತ್ತಿಲ್ಲದವನ ಕೈಗೆ ಈಟಿ ಕೊಟ್ಟವರು ಯಾರೋ?” ಎಂದಳು ಮುದುಕಿ. “ತುದಿ ನೋಡಿದರೆ ಎರಡೂ ಒಂದೇ. ಬುಡ ನೋಡು.”

ಅವನು ಬುಡ ನೋಡುವುದನ್ನು ಕಲಿತ. ಆ ಊರಿನವರು ಅವನ ರಾಜನ ಹೆಸರನ್ನು ಒಂದು ಸಲವೂ ಕೇಳಲಿಲ್ಲ. ನಿಮ್ಮ ಕಡೆ ಅವರೆಕಾಳನ್ನು ಹಿತುಕಿ ಸಾರು ಮಾಡುತ್ತಾರೋ, ಹಾಗೆಯೇ ಮಾಡುತ್ತಾರೋ ಎಂದು ಮಾತ್ರ ಕೇಳುತ್ತಿದ್ದರು. ಅವನಿಗೆ ಇದು ಅವಮಾನ ಎನಿಸಿತು.

“ನಿಮಗೆ ಯುದ್ಧದ ಭಯವೇ ಇಲ್ಲವೇ, ಅಜ್ಜಿ?”

“ಹೋದ ವರ್ಷ ಆ ರಾಜನ ಕಡೆಯವರು ಇದೇ ಚಾವಡಿಯಲ್ಲಿದ್ದರು. ನಿಮ್ಮಿಂದ ನಮ್ಮನ್ನು ಕಾಪಾಡುತ್ತಿದ್ದೇವೆ ಅಂದರು. ಈಗ ನೀವು ಅವರಿಂದ ಕಾಪಾಡುತ್ತಿದ್ದೀರಿ. ಎರಡು ಸಲವೂ ಮಜ್ಜಿಗೆ ನಮ್ಮದೇ.”

ನಾಲ್ಕು ತಿಂಗಳು ಕಳೆಯಿತು. ರಾಗಿಯ ತೆನೆ ಬಾಗಿ ಒಣಗಿತು. ಕೊಯ್ಲಿಗೆ ಆರು ದಿನ ಇತ್ತು. ಆಗ ರಾಜಧಾನಿಯಿಂದ ಆಜ್ಞೆ ಬಂತು. ಪಕ್ಕದ ರಾಜ ದೊಡ್ಡ ಸೈನ್ಯದೊಂದಿಗೆ ಬರುತ್ತಿದ್ದಾನೆ. ಹಿಂದೆ ಸರಿಯಿರಿ. ಸರಿಯುವ ಮುನ್ನ ಶತ್ರುವಿನ ಬೆಳೆಯನ್ನೆಲ್ಲ ಸುಡಿರಿ. ಬರುವ ಸೈನ್ಯಕ್ಕೆ ಒಂದು ಕಾಳೂ ಸಿಗಬಾರದು. ಊರಿನವರು ಏನು ತಿನ್ನಬೇಕು ಎಂಬುದು ಆಜ್ಞೆಯಲ್ಲಿ ಇರಲಿಲ್ಲ. ಓಲೆ ಚಿಕ್ಕದಾಗಿತ್ತು.

ಸುಟ್ಟರೆ ಊರಿಗೆ ಒಂದು ವರ್ಷದ ಕೂಳಿಲ್ಲ. ಸುಡದಿದ್ದರೆ ಸೈನಿಕನಿಗೆ ತಲೆ ಇಲ್ಲ. ಗಾಳಿ ಬೀಸಿಬರುವ ಕಡೆಗೆ ಮುದುಕಿಯ ಹೊಲವೇ ಮೊದಲನೆಯದು. ಅದಕ್ಕೆ ಬೆಂಕಿ ಇಟ್ಟರೆ ಉಳಿದವು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ದಳಪತಿ ಪಂಜು ಹೊತ್ತಿಸಿ ಸೈನಿಕನ ಕೈಗೆ ಕೊಟ್ಟ.

ಊರಿನವರು ಬದುವಿನ ಮೇಲೆ ನಿಂತಿದ್ದರು. ಮುದುಕಿ ಅಳಲಿಲ್ಲ. ಯಾರ ಕಾಲಿಗೂ ಬೀಳಲಿಲ್ಲ. ನೇರವಾಗಿ ಸೈನಿಕನ ಮುಂದೆ ಬಂದು ನಿಂತಳು. ಕೊಯ್ಲಿನ ದಿನ ಕೇಳುವ ಹಾಗೆಯೇ ಕೇಳಿದಳು.

“ಅಕ್ಕಡಿ ಸಾಲಿನವನೇ, ಹೊಲವನ್ನು ಇವತ್ತೇ ಮುಗಿಸಬೇಕಂತೆ ಇವರಿಗೆ. ಅಪ್ಪಣೆ ಕೊಡುತ್ತೀಯಾ?”

ದಳಪತಿ ನಕ್ಕ. “ಅಪ್ಪಣೆ ಕೊಡುವವನು ನಾನು, ಮುದುಕಿ.”

“ನೀನು ಬಿತ್ತಿದ್ದೀಯಾ?”

ದಳಪತಿ ಬಿತ್ತಿರಲಿಲ್ಲ. ಆ ದಿನ ಅವನು ಓಲೆ ಬರೆಯುತ್ತಿದ್ದ.

ಸೈನಿಕ ತನ್ನ ಸಾಲನ್ನು ನೋಡಿದ. ಅವರೆ ಹೂ ಬಿಟ್ಟಿತ್ತು. ಮೊದಲ ನಾಲ್ಕು ಮಾರು ಗಿಡಗಳು ಒಂದರ ಮೇಲೊಂದು ಬಿದ್ದು ಬೆಳೆದಿದ್ದವು, ಕೋಳಿಗೆ ಎರಚಿದ ಹಾಗೆ. ಅಲ್ಲಿಂದ ಮುಂದೆ ಗೇಣಿಗೊಂದು ಗಿಡ.

“ಕೊಡುವುದಿಲ್ಲ” ಎಂದ. ಪಂಜನ್ನು ಮಣ್ಣಿಗೆ ಒತ್ತಿ ಆರಿಸಿದ.

“ಏನೆಂದೆ?” ಎಂದ ದಳಪತಿ.

“ಒಡೆಯಾ, ಆಜ್ಞೆ ಬಂದಿರುವುದು ಶತ್ರುವಿನ ಬೆಳೆ ಸುಡಲು. ಇದು ಪ್ರಭುಗಳ ಬೆಳೆ. ತಾವೇ ಹಾಗೆಂದು ಬರೆದಿದ್ದೀರಿ. ಅದಕ್ಕೆ ಬಂದ ಶಾಲನ್ನೂ ಹೊದ್ದಿದ್ದೀರಿ. ಪ್ರಭುಗಳ ಬೆಳೆಗೆ ಬೆಂಕಿ ಇಡಿಸಿದವರ ಗತಿ ಏನೆಂದು ನನಗೆ ತಮ್ಮದೇ ಚಿಂತೆ.”

ಹಿಂದೆ ನಿಂತಿದ್ದ ಸೈನಿಕರಲ್ಲಿ ಯಾರೋ ಕೆಮ್ಮಿದರು. ದಳಪತಿ ಶಾಲನ್ನು ಹೆಗಲಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ಓಲೆಯ ಮಾತು ಬಿಡು. ಇದು ಈ ಮುದುಕಿಯ ಹೊಲ.”

“ನಾನೂ ಅದನ್ನೇ ಹೇಳುತ್ತಿದ್ದೇನೆ, ಒಡೆಯಾ. ಅಜ್ಜಿಯದಾದರೆ ಶತ್ರುವಿನದಲ್ಲ. ತಾವು ಹೇಳಿದಿರಿ ಎಂದು ನಾನು ಇಲ್ಲಿ ಶತ್ರುವನ್ನು ಹುಡುಕಿದ್ದೇನೆ. ಬುಡ ನೋಡಿ ಹುಡುಕಿದ್ದೇನೆ. ಮಜ್ಜಿಗೆಯಲ್ಲಿ ನೀರು ಸಿಕ್ಕಿತು, ಬೇರೇನೂ ಸಿಗಲಿಲ್ಲ. ಸುಡಲೇಬೇಕೆಂದರೆ ಮೊದಲು ನನ್ನನ್ನು ಸುಡಿ.”

ದಳಪತಿ ಅವನ ಈಟಿ ಕಿತ್ತುಕೊಂಡ. ಕೈಗಳನ್ನು ಹಿಂದಕ್ಕೆ ಕಟ್ಟಿಸಿದ. ಸೈನಿಕ ಬೇಡವೆನ್ನದೆ ಕಟ್ಟಿಸಿಕೊಂಡ. ಕಟ್ಟಿ ಮುಗಿದ ಮೇಲೆ ನಡೆದುಹೋಗಿ ತನ್ನ ಸಾಲಿನ ತುದಿಯಲ್ಲಿ ನಿಂತ. ಮುದುಕಿಯೂ ಹೋಗಿ ಅವನ ಪಕ್ಕದಲ್ಲಿ ನಿಂತಳು.

“ನೀನು ಹೋಗಜ್ಜಿ. ಇವರು ಬೆಂಕಿ ಇಡುತ್ತಾರೆ.”

“ನನ್ನ ಹೊಲದಲ್ಲಿ ನನ್ನನ್ನೇ ಹೋಗು ಅನ್ನುತ್ತೀಯಲ್ಲೋ! ಒಂದು ಸಾಲು ಬಿತ್ತಿದ್ದಕ್ಕೆ ಇಷ್ಟು ಜಂಬವೇ?”

ದಳಪತಿ ಇನ್ನೊಂದು ಪಂಜು ಹೊತ್ತಿಸಿದ. ಅದನ್ನು ಎರಡನೆಯ ಸೈನಿಕನ ಕೈಗೆ ಕೊಟ್ಟ. ಎರಡನೆಯವನು ಬಿತ್ತಿದ ಸಾಲು ಪಕ್ಕದ ಹೊಲದಲ್ಲಿತ್ತು. ಆ ಹೊಲದ ರೈತ ಬದುವಿನಿಂದ ಇಳಿದು ಬಂದ. ಪಂಜಿನ ಎದುರು ನಿಂತ.

“ಅಕ್ಕಡಿ ಸಾಲಿನವನೇ, ಅಪ್ಪಣೆ ಕೊಡುತ್ತೀಯಾ?” ಎಂದು ಕೇಳಿದ.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಕಾದ. ಅವರು ಮುಂದುವರಿಸುವಂತೆ ಕಾಣಲಿಲ್ಲ.

“ಎರಡನೆಯವನು ಏನು ಹೇಳಿದ, ಗುರುಗಳೇ?”

“ಅದನ್ನು ನನ್ನನ್ನೇಕೆ ಕೇಳುತ್ತೀಯಪ್ಪಾ, ನಾಳೆ ಹೊರಡುವವನು ನೀನು.”